‘ಮುಂದಿನ ಭಾಗ ಯಾವಾಗ ಮೇಡಂ?’

ಹಳೇ ಕಾಲದ ಸಿನಿಮಾ ಹಾಡಿನ ಪುಸ್ತಕ ನೋಡಿದ್ದೀರಾ? ಟಾಕೀಸಿನ ಮುಂದೆ ಕಡಲೆಕಾಯಿ ಮಾರುವವನ ಪಕ್ಕದಲ್ಲೇ ಚಿಲ್ಲರೆ ಕಾಸಿಗೆ ಮಾರುತ್ತಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಆ ಕಾಲ ಮುಗಿದಿತ್ತು. ನಾನು ನೋಡಿದ್ದು ನಮ್ಮ ಸೋದರಮಾವನ ಟ್ರಂಕಿನಲ್ಲಿ, ಗೆದ್ದಲು ತಿಂದು ಉಳಿಸಿದ ಹತ್ತಿಪ್ಪತ್ತು ಪುಸ್ತಕಗಳನ್ನು. ಮೇಲೆ ನಾಯಕ ನಾಯಕಿ, ಒಳಗೆ ತಾರಾಗಣ, ಹಾಡುಗಳು, ಮತ್ತೆ ಒಂದು ಪುಟದ ಕಥಾಸಾರಾಂಶ. ಕಥೆ ಇನ್ನೇನು ಕಾವೇರಿತು ಅನ್ನುವಾಗ ಗಕ್ಕನೆ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ಕೈತೊಳೆದುಕೊಳ್ಳುತ್ತಿದ್ದರು!

ನಾನೀಗ ಹೇಳಹೊರಟಿರೋದು ಬೆಳ್ಳಿತೆರೆಯ ಮೇಲೂ ನೋಡಿ ಮುಗಿಸಿ, ‘ಶುಭಂ’ ಬಿದ್ದ ಮೇಲೂ ಕುರ್ಚಿಯಿಂದ ಏಳಲಾರದೆ ಕೂತವರ ವಿಷಯ. ಇವರು ಮನೆಗೆ ಹೋದ ಮೇಲೆ ಉಳಿದದ್ದನ್ನು ತಾವೇ ಬರೆಯುತ್ತಾರೆ. ಸತ್ತ ನಾಯಕನನ್ನು ಬದುಕಿಸುತ್ತಾರೆ, ಬೇರೆಯಾದ ಜೋಡಿಯನ್ನು ಸೇರಿಸುತ್ತಾರೆ, ಎರಡು ದೃಶ್ಯಕ್ಕೆ ಬಂದು ಹೋದ ಅತ್ತಿಗೆ ಪಾತ್ರಕ್ಕೆ ಇನ್ನೂರು ಪುಟದ ಬಾಳು ಕೊಡುತ್ತಾರೆ. ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್ ಅನ್ನುತ್ತಾರೆ. ನಮ್ಮ ಬಾಯಿಗೆ ಅಭಿಮಾನಿ ಕಥೆ ಅಂದರೆ ಸಾಕು. ಒಂದು ಕಾಲಕ್ಕೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇರುತ್ತಿದ್ದದ್ದು ಈಗ ಮೊಬೈಲಿಗೆ ಬಂದಿದೆ. ಭಾಗ ಒಂದು, ಭಾಗ ಎರಡು ಅಂತ ಧಾರಾವಾಹಿಯ ಹಾಗೆ ಬರುತ್ತೆ. ಓದುವವರೂ ಸಾವಿರಗಟ್ಟಲೆ ಇದ್ದಾರೆ.

ಬರೆಯುವವರಲ್ಲಿ ನಾನೂ ಒಬ್ಬಳು.

ಹಗಲು ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬಿಡಿ ಲೇಖನ ಬರೀತೀನಿ. ರಾತ್ರಿ ಹತ್ತು ಗಂಟೆ ಆದಮೇಲೆ ಅಲಮೇಲು ಕಥೆ. ಯಾವ ಅಲಮೇಲು ಅಂತ ಕೇಳಬೇಡಿ. ಕನ್ನಡ ಚಿತ್ರರಸಿಕರಿಗೆ ಇರೋದು ಒಬ್ಬಳೇ ಅಲಮೇಲು, ‘ನಾಗರಹಾವು’ ಚಿತ್ರದವಳು. ಪುಟ್ಟಣ್ಣ ಕಣಗಾಲರ ಆ ಚಿತ್ರ 1972ರದ್ದು, ನಮ್ಮಮ್ಮನ ಕಾಲದ್ದು. ನಾನು ನೋಡಿದ್ದು 2018ರಲ್ಲಿ ಅದು ಹೊಸ ಬಣ್ಣ, ಹೊಸ ಧ್ವನಿಯೊಂದಿಗೆ ಮತ್ತೆ ತೆರೆಗೆ ಬಂದಾಗ. ವಿಷ್ಣುವರ್ಧನ್ ಕಂಡ ಕೂಡಲೇ ಸೀಟಿ, ಚಪ್ಪಾಳೆ, ಹಾರಿದ ಕಾಗದದ ಚೂರು! ಅಶ್ವತ್ಥರ ಚಾಮಯ್ಯ ಮೇಷ್ಟ್ರು ಬಂದರೆ ಪಕ್ಕದ ಸೀಟಿನ ಅಜ್ಜ ಕೈ ಮುಗಿದರು. ನನ್ನ ಕಣ್ಣು ಮಾತ್ರ ಆರತಿಯ ಅಲಮೇಲು ಮೇಲೇ ನೆಟ್ಟುಹೋಯಿತು. ಮೇಷ್ಟ್ರು ಮಾತು ಹೇಳ್ತಾರೆ, ರಾಮಾಚಾರಿ ಪ್ರೀತಿಯನ್ನು ಬಿಟ್ಟುಕೊಡ್ತಾನೆ, ಅಲಮೇಲು ಬೇರೊಬ್ಬನ ಹೆಂಡತಿಯಾಗ್ತಾಳೆ. ಮುಂದೆ ರಾಮಾಚಾರಿ ಅವಳನ್ನು ಕಾಣೋದು ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ. ಅವನ ಎದೆ ಒಡೆಯುತ್ತೆ, ನಮ್ಮ ಎದೆಯೂ ಒಡೆಯುತ್ತೆ, ಕಥೆ ಚಿತ್ರದುರ್ಗದ ಕೋಟೆ ಹತ್ತಿ ರಾಮಾಚಾರಿ, ಮಾರ್ಗರೆಟ್, ಮೇಷ್ಟ್ರ ಕಡೆಗೆ ಹೋಗಿಬಿಡುತ್ತೆ. ಅಲಮೇಲು? ಅವಳು ಆ ಕೋಣೆಯಲ್ಲೇ ಉಳಿದಳು. ದೀಪ ಹಾಕಿ ಜನ ಎದ್ದು ಹೋದರೂ ಅವಳನ್ನು ಅಲ್ಲಿ ಬಿಟ್ಟು ಬರೋದಕ್ಕೆ ನನಗೆ ಆಗಲಿಲ್ಲ.

ಹಾಗೆ ಶುರುವಾಯಿತು ನೋಡಿ. ಒಂದು ಬೆಳಗಿನ ಜಾವ ಅಲಮೇಲು ಒಂದು ಬಟ್ಟೆ ಚೀಲ ಹಿಡಿದು ಆ ಮನೆಯ ಬಾಗಿಲು ತೆಗೆದು ಹೊರಗೆ ಬರುತ್ತಾಳೆ, ಬಸ್ ಸ್ಟ್ಯಾಂಡಿನ ಕಡೆ ನಡೀತಾಳೆ. ಇದು ನನ್ನ ಮೊದಲನೇ ಭಾಗ. ಈ ಲೇಖನಕ್ಕೆ ಕೂರುವ ಹೊತ್ತಿಗೆ ಹತ್ತೊಂಬತ್ತು ಭಾಗ ಆಗಿತ್ತು.

ತರಾಸು ಅವರ ಕಾದಂಬರಿ, ಪುಟ್ಟಣ್ಣನವರ ಪಾತ್ರ, ಅದಕ್ಕೆ ಕೈ ಹಾಕಲು ನೀನ್ಯಾರು ಅಂತ ನೀವು ಕೇಳಬಹುದು. ಕೇಳಿದವರೂ ಇದ್ದಾರೆ. ಆದರೆ ಸ್ವಾಮಿ, ಪುಟ್ಟಣ್ಣನವರೇ ತರಾಸು ಅವರ ಮೂರು ಕಾದಂಬರಿಗಳನ್ನು ಕಲಸಿ ತಮ್ಮದೇ ಅಚ್ಚಿಗೆ ಹೊಯ್ದವರಲ್ಲವೇ! ನಾಗರಹಾವನ್ನ ಕೇರೆಹಾವು ಮಾಡಿಬಿಟ್ಟರು ಅಂತ ತರಾಸು ಬೇಸರಪಟ್ಟುಕೊಂಡರು ಅನ್ನುವ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುತ್ತೆ. ಅಷ್ಟು ದೊಡ್ಡವರಿಗೇ ಅಂಥ ಪ್ರತಿಕ್ರಿಯೆ ಬಂದಮೇಲೆ ನನ್ನಂಥವಳ ಪಾಡೇನು? ಇರಲಿ. ಪುಟ್ಟಣ್ಣನವರಿಗೆ ಗಲ್ಲಾಪೆಟ್ಟಿಗೆಯಾದರೂ ಇತ್ತು. ನಮಗೆ ಅದೂ ಇಲ್ಲ. ಪಾತ್ರಗಳು ಬೇರೆಯವರ ಸ್ವತ್ತು, ಅವನ್ನಿಟ್ಟುಕೊಂಡು ಕಾಸು ಮಾಡಹೊರಟರೆ ಕಾನೂನು ಎದುರಿಗೆ ನಿಲ್ಲುತ್ತೆ. ಆದ್ದರಿಂದ ಅಭಿಮಾನಿ ಕಥೆ ಅಂದರೆ ಪುಕ್ಕಟೆ ಕಥೆ. ಬರೆದವರಿಗೆ ಸಿಗೋದು ಓದಿದವರ ಮಾತು. ಅದೊಂದೇ.

ಈ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಹಗಲಿನ ಕೆಲಸದಿಂದ. ಬಿಡಿ ಲೇಖನಕ್ಕೆ ದುಡ್ಡು ಬರುತ್ತೆ, ಮಾತು ಬರಲ್ಲ. ಎರಡು ದಿನ ಅಲೆದು ಒಬ್ಬ ಹಳೇ ಲೈಟ್‌ಬಾಯ್ ಬಗ್ಗೆ ಬರೆದು ಕೊಟ್ಟಿದ್ದೆ. ಅಚ್ಚಾಯಿತು, ಮೂರು ತಿಂಗಳಾದ ಮೇಲೆ ಏಳುನೂರು ರೂಪಾಯಿ ಬಂತು. ಓದಿದವರು ಅತ್ತರೋ, ನಕ್ಕರೋ, ಅದರಲ್ಲಿ ಬೋಂಡಾ ಕಟ್ಟಿಸಿಕೊಂಡರೋ, ಯಾರಿಗೆ ಗೊತ್ತು! ಸಂಪಾದಕರು ಹೇಳಿದ್ದು ಒಂದೇ ಮಾತು: “ಸ್ವಲ್ಪ ಉದ್ದ ಆಯ್ತಮ್ಮ.” ರಾತ್ರಿ ಬರೆಯೋದಕ್ಕೆ ಒಂದು ಪೈಸೆ ಇಲ್ಲ. ಆದರೆ ಹನ್ನೊಂದೂಮುಕ್ಕಾಲಿಗೆ ಭಾಗ ಹಾಕಿ ದಿಂಬಿಗೆ ತಲೆ ಕೊಟ್ಟರೆ ಹನ್ನೆರಡಕ್ಕೆ ಮೊಬೈಲು ‘ಟಿಣ್’ ಅನ್ನುತ್ತೆ. ಯಾವುದೋ ಊರಲ್ಲಿ ಯಾರೋ ಒಬ್ಬರು ನಿದ್ದೆಗೆಟ್ಟು ಅಲಮೇಲು ಗತಿ ಏನಾಯಿತು ಅಂತ ನೋಡಿದ್ದಾರೆ. ಪಿಯುಸಿ ಅರ್ಧಕ್ಕೆ ಬಿಟ್ಟವಳು ನಾನು. ಮನೆಯ ಕಷ್ಟ, ಅದು ಬೇರೆ ಕಥೆ. ನನ್ನ ಪೆಟ್ಟಿಗೆಯಲ್ಲಿರೋ ಕೊನೇ ಮಾರ್ಕ್ಸ್ ಕಾರ್ಡು ಎಸ್ಸೆಸ್ಸೆಲ್ಸಿಯದು. ಆಮೇಲೆ ನನಗೆ ಯಾರೂ ಅಂಕ ಕೊಟ್ಟಿಲ್ಲ. ಆ ‘ಟಿಣ್’ ಕೇಳಿದಾಗ ಹೊಟ್ಟೆಯೊಳಗೆ ಆಗೋದಿದೆಯಲ್ಲ, ಫಲಿತಾಂಶದ ಬೋರ್ಡಿನ ಮುಂದೆ ನಿಂತು ತನ್ನ ನಂಬರು ಹುಡುಕುವ ಹುಡುಗಿಗೆ ಗೊತ್ತು ಅದು.

ಇದು ಇವತ್ತು ಹುಟ್ಟಿದ ಚಾಳಿಯಲ್ಲ, ನಮ್ಮ ನಾಡಿನಲ್ಲಿ ಹುಟ್ಟಿದ್ದೂ ಅಲ್ಲ. ಈ ಲೇಖನಕ್ಕೆ ಅಂತ ಒಂದಿಷ್ಟು ಹುಡುಕಾಡಿದಾಗ ಇಂಗ್ಲೆಂಡಿನ ಒಂದು ಸ್ವಾರಸ್ಯ ಸಿಕ್ಕಿತು. 1893ರಲ್ಲಿ ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್, ‘ಪೀಟರ್ ಪ್ಯಾನ್’ ಖ್ಯಾತಿಯ ಜೇಮ್ಸ್ ಬ್ಯಾರಿ ಇಬ್ಬರೂ ಸೇರಿ ಒಂದು ಸಂಗೀತ ನಾಟಕ ಬರೆದರು. ನಾಟಕ ಮಕಾಡೆ ಮಲಗಿತು. ಬ್ಯಾರಿ ತಮ್ಮದೊಂದು ಪುಸ್ತಕದ ಖಾಲಿ ಹಾಳೆಯ ಮೇಲೆ ಹೋಮ್ಸ್‌ನನ್ನಿಟ್ಟುಕೊಂಡು ಒಂದು ತಮಾಷೆ ಕಥೆ ಬರೆದು ಡಾಯ್ಲ್‌ಗೆ ಕಳಿಸಿದರು. ಅದೂ ಒಂದು ಅಭಿಮಾನಿ ಕಥೆಯೇ ತಾನೇ! ಡಾಯ್ಲ್ ಕೋಪಿಸಿಕೊಳ್ಳಲಿಲ್ಲ. 1924ರ ತಮ್ಮ ಆತ್ಮಕಥೆಯಲ್ಲಿ ಆ ಕಥೆಯನ್ನು ಪೂರ್ತಿ ಅಚ್ಚು ಹಾಕಿಸಿ, ಇಂಥ ಅಣಕಗಳಲ್ಲೆಲ್ಲ ಇದೇ ಅತ್ಯುತ್ತಮ ಅಂತ ಷರಾ ಬರೆದರು. ಪಾತ್ರ ಹುಟ್ಟಿಸಿದವರಿಂದಲೇ ಶಹಬ್ಬಾಸ್‌ಗಿರಿ! ಅಷ್ಟು ದೊಡ್ಡ ಬಹುಮಾನ ನಮ್ಮ ಕುಲದಲ್ಲಿ ಎಷ್ಟು ಜನಕ್ಕೆ ಸಿಕ್ಕೀತು? ಆದರೂ ಮೂವತ್ತೊಂದು ವರ್ಷ ಕಾಯಬೇಕಾಯಿತು ಅನ್ನಿ.

ಅಮೆರಿಕದಲ್ಲಿ ಇದು ಒಂದು ಚಳವಳಿಯೇ ಆಯಿತು. 1966ರಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಟೀವಿ ಧಾರಾವಾಹಿ ಶುರುವಾಯಿತಲ್ಲ, ಮರುವರ್ಷವೇ ಅದರ ಅಭಿಮಾನಿಗಳು ‘ಸ್ಪಾಕನೇಲಿಯಾ’ ಅನ್ನುವ ಪತ್ರಿಕೆ ಹೊರಡಿಸಿದರು. ಆ ಧಾರಾವಾಹಿಯ ಅಭಿಮಾನಿ ಪತ್ರಿಕೆಗಳಲ್ಲಿ ಅದೇ ಮೊದಲನೆಯದು. ಅಂಥವು ಆಮೇಲೆ ಹತ್ತಾರು ಬಂದವು. ಮನೆಯ ಮೇಜಿನ ಮೇಲೆ ಟೈಪು ಹೊಡೆದು, ಸೈಕ್ಲೋಸ್ಟೈಲ್ ಮಾಡಿ, ಪಿನ್ನು ಹೊಡೆದು ಅಂಚೆಯಲ್ಲಿ ಕಳಿಸುವ ಪತ್ರಿಕೆಗಳು. ಬರೆದವರಲ್ಲಿ ಹೆಂಗಸರೇ ಹೆಚ್ಚು. ಸಂಭಾವನೆ ಇಲ್ಲ, ತಾವು ಬರೆದ ಸಂಚಿಕೆಯ ಒಂದು ಪ್ರತಿ ಸಿಕ್ಕರೆ ಪುಣ್ಯ. ಓದುಗರ ಕಾಗದ ಬಂದು, ಅದು ಮುಂದಿನ ಸಂಚಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ತಿಂಗಳುಗಳೇ ಆಗುತ್ತಿದ್ದವು. ನಾನು ಹದಿನೈದು ನಿಮಿಷಕ್ಕೇ ಚಡಪಡಿಸುತ್ತೇನೆ. ಆ ತಾಯಂದಿರ ತಾಳ್ಮೆ ದೊಡ್ಡದು!

ಅಲ್ಲೇ ಒಂದು ಘಟನೆ ಆಯಿತು. ನನ್ನ ಮಟ್ಟಿಗೆ ಇದು ಈ ಲೋಕದ ಅತ್ಯಂತ ಮುಖ್ಯ ಪ್ರತಿಕ್ರಿಯೆ. 1973ರಲ್ಲಿ ಪೌಲಾ ಸ್ಮಿತ್ ಎಂಬ ಅಭಿಮಾನಿ ಒಂದು ಪುಟ್ಟ ಅಣಕ ಕಥೆ ಬರೆದಳು. ಅದರ ನಾಯಕಿ ಲೆಫ್ಟಿನೆಂಟ್ ಮೇರಿ ಸೂ, ವಯಸ್ಸು ಹದಿನೈದೂವರೆ. ಅವಳಿಗೆ ಬಾರದ ವಿದ್ಯೆಯಿಲ್ಲ, ಅವಳನ್ನು ಮೆಚ್ಚದ ಗಂಡಸಿಲ್ಲ. ಅಭಿಮಾನಿ ಕಥೆಗಳಲ್ಲಿ ಬರೆಯುವ ಹುಡುಗಿಯರು ತಮ್ಮನ್ನೇ ಹೀಗೆ ಸರ್ವಗುಣಸಂಪನ್ನೆ ಮಾಡಿ ಕಥೆಯೊಳಗೆ ಕೂರಿಸುತ್ತಾರೆ ಅನ್ನೋದು ಪೌಲಾಳ ಕುಟುಕು. ಓದಿದವರು ನಕ್ಕರು, ಮಾತು ನಾಲಿಗೆಯಿಂದ ನಾಲಿಗೆಗೆ ಹಾರಿತು, ‘ಮೇರಿ ಸೂ’ ಅನ್ನೋದು ಬೈಗುಳವೇ ಆಯಿತು. ಆಮೇಲೆ ಆದದ್ದು ನಗುವ ವಿಷಯವಲ್ಲ. ಕಮೀಲ್ ಬೇಕನ್-ಸ್ಮಿತ್ ಎಂಬ ವಿದ್ವಾಂಸೆ ಈ ಬರಹಗಾರ್ತಿಯರ ನಡುವೆ ಓಡಾಡಿ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮೇರಿ ಸೂ ಅನ್ನಿಸಿಕೊಳ್ಳುವ ಭಯಕ್ಕೆ ಎಷ್ಟೋ ಹೆಂಗಸರು ತಮ್ಮ ಕಥೆಗಳಲ್ಲಿ ಹೆಣ್ಣು ಪಾತ್ರ ತರೋದನ್ನೇ ಬಿಟ್ಟಿದ್ದರು ಅಂತ ದಾಖಲಿಸಿದ್ದಾಳೆ. ನೋಡಿ, ಒಂದು ನಗೆ ಎಷ್ಟು ಕಥಾನಾಯಕಿಯರನ್ನು ಹುಟ್ಟುವ ಮುಂಚೆ ಕೊಂದಿತು! ಗಂಡು ಬರೆದ ಕಥೆಯಲ್ಲಿ ನಾಯಕ ಒಬ್ಬನೇ ಐವತ್ತು ಜನಕ್ಕೆ ಹೊಡೆದರೆ ಅದಕ್ಕೆ ಅಡ್ಡಹೆಸರು ಇಡೋರು ಯಾರೂ ಇಲ್ಲ. ಶತದಿನೋತ್ಸವ ಮಾಡ್ತೀವಿ.

ಈಗ ಅಂಚೆಯ ಕಾಲ ಹೋಯಿತು. 2009ರಲ್ಲಿ ಅಭಿಮಾನಿ ಬರಹಗಾರರೇ ಸೇರಿ ‘ಆರ್ಕೈವ್ ಆಫ್ ಅವರ್ ಓನ್’ ಅನ್ನುವ ಬೃಹತ್ ಭಂಡಾರವನ್ನು ಸಾರ್ವಜನಿಕರಿಗೆ ತೆರೆದರು. ಜಾಹೀರಾತಿಲ್ಲ, ಲಾಭವಿಲ್ಲ, 2019ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿಯೂ ಬಂತು. ಅಲ್ಲಿ ಕಥೆಯ ಕೆಳಗೆ ‘ಕುಡೋಸ್’ ಅನ್ನುವ ಗುಂಡಿ ಇದೆ. ಒತ್ತಿದರೆ ಒಂದು ಮೆಚ್ಚುಗೆ. ಒಂದು ಕಥೆಗೆ ಒಬ್ಬರು ಒಂದೇ ಸಲ ಒತ್ತಬಹುದು. ಕಥೆ ಐವತ್ತು ಭಾಗವಿರಲಿ, ಐವತ್ತನೇ ಭಾಗಕ್ಕೆ ಕಣ್ಣಲ್ಲಿ ನೀರು ಬಂದಿರಲಿ, ಎರಡನೇ ಸಲ ಒತ್ತಿದರೆ ನೀವು ಆಗಲೇ ಕೊಟ್ಟಾಯಿತು ಅನ್ನುತ್ತೆ ಯಂತ್ರ. ಅದಕ್ಕೇ ಓದುಗರು ‘ಇದು ನನ್ನ ಎರಡನೇ ಕುಡೋಸ್’ ಅಂತ ಕೈಯಲ್ಲಿ ಬರೆದು ಹಾಕೋದುಂಟು. ಬರೆದವರಿಗೆ ಆ ನಾಲ್ಕು ಪದ ನಾನೂರು ಗುಂಡಿಗೆ ಸಮ. ಇನ್ನು ನಮ್ಮ ಬೆಂಗಳೂರಿನಲ್ಲೇ 2014ರಲ್ಲಿ ಹುಟ್ಟಿದ ‘ಪ್ರತಿಲಿಪಿ’ಯಲ್ಲಿ ಎಲ್ಲ ಬಗೆಯ ಕಥೆಗಳಿಗೂ ಓದುಗರು ಐದು ನಕ್ಷತ್ರದ ಲೆಕ್ಕದಲ್ಲಿ ಅಂಕ ಕೊಡುತ್ತಾರೆ. ‘ವಾಟ್‌ಪ್ಯಾಡ್’ನಲ್ಲಂತೂ ಒಂದೊಂದು ಪ್ಯಾರಾಕ್ಕೂ ಪಕ್ಕದಲ್ಲೇ ಮಾತು ಬರೆಯಬಹುದು. ಅನ್ನಾ ಟಾಡ್ ಎಂಬ ಅಮೆರಿಕನ್ ಹೆಂಗಸು 2013ರಲ್ಲಿ ‘ಒನ್ ಡೈರೆಕ್ಷನ್’ ಹಾಡುಗಾರನೊಬ್ಬನನ್ನು ನಾಯಕನಾಗಿಟ್ಟುಕೊಂಡು ಅಲ್ಲಿ ಭಾಗ ಭಾಗವಾಗಿ ಬರೆದ ‘ಆಫ್ಟರ್’ 2019ರಲ್ಲಿ ಚಲನಚಿತ್ರವೇ ಆಯಿತು. ಗಾಂಧಿನಗರದ ನಿರ್ಮಾಪಕರು ಗಮನಿಸಬೇಕು!

ಆದರೆ ಎಲ್ಲರ ಕಥೆ ಅನ್ನಾ ಟಾಡ್ ಕಥೆಯಲ್ಲ. ನನ್ನ ಹಾಗೆ ಬರೆಯುವ ಕೆಲವರನ್ನು ಮಾತಾಡಿಸಿದೆ. ಎಲ್ಲರೂ ಕಾವ್ಯನಾಮದ ಹಿಂದೆ ಇರುವವರು, ಹೆಸರು ಬೇಡ ಅಂದರು.

ಹಾಸನದ ಕಡೆಯ ಒಬ್ಬ ನರ್ಸು. 2006ರ ‘ಮುಂಗಾರು ಮಳೆ’ ಬಂದಾಗ ಈಕೆ ಹೈಸ್ಕೂಲು. ಪ್ರೀತಂ, ನಂದಿನಿ ಸೇರಲಿಲ್ಲ ಅನ್ನುವ ಸಂಕಟವನ್ನು ಇಷ್ಟು ವರ್ಷ ಸಾಕಿಕೊಂಡು ಬಂದು, ಈಗ ರಾತ್ರಿ ಪಾಳಿಯಲ್ಲಿ ರೋಗಿಗಳು ಮಲಗಿದ ಮೇಲೆ ಬರೀತಾರೆ. ಆಕೆಯ ಕಥೆಯಲ್ಲಿ ಕೊಡಗಿನ ಮದುವೆಯೊಂದಕ್ಕೆ ಪುರೋಹಿತರು ಬಂದು ಗಟ್ಟಿಯಾಗಿ ಮಂತ್ರ ಹೇಳಿಬಿಟ್ಟಿದ್ದರು. ಒಬ್ಬ ಓದುಗರು ಬರೆದರಂತೆ: “ನಮ್ಮ ಕೊಡವರ ಮದುವೆಗೆ ಪುರೋಹಿತರಿಲ್ಲ ಸಿಸ್ಟರ್. ಹಿರಿಯರೇ ಅಕ್ಕಿ ಹಾಕಿ ಹರಸೋದು.” ಬೈಗುಳವಿಲ್ಲ, ಹಂಗಣೆಯಿಲ್ಲ. “ಕೋಪ ಬಂತಾ?” ಅಂತ ಕೇಳಿದೆ. “ಯಾಕೆ ಕೋಪ? ನನ್ನ ಮನೇಗೆ ಬಂದವರು ಓರೆಯಾಗಿ ನೇತಾಡ್ತಿದ್ದ ಫೋಟೋ ನೆಟ್ಟಗೆ ಮಾಡಿ ಹೋದ ಹಾಗಾಯ್ತು” ಅಂದರು. ಈಗ ಆ ಓದುಗರೇ ಪ್ರತಿ ಭಾಗವನ್ನೂ ಮೊದಲೇ ಓದಿ ತಿದ್ದಿ ಕೊಡುತ್ತಾರಂತೆ. ಈ ಲೋಕದಲ್ಲಿ ಅಂಥವರಿಗೆ ಬೀಟಾ ರೀಡರ್ ಅನ್ನುತ್ತಾರೆ. ಇಬ್ಬರೂ ಇನ್ನೂ ಮುಖ ನೋಡಿಲ್ಲ.

ಹುಬ್ಬಳ್ಳಿಯ ಹುಡುಗನ ಪಾಡು ಬೇರೆ. 2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗವಾಗಿ ಬಂತಲ್ಲ, ಅದರ ಮನು ಮತ್ತು ಪ್ರಿಯಾಗೆ ಅವರು ಕನಸು ಕಂಡ ಸಮುದ್ರದ ದಡದ ಮನೆಯನ್ನು ಈತ ತನ್ನ ಕಥೆಯಲ್ಲಿ ಕಟ್ಟಿಕೊಟ್ಟ. ಅವರು ಮೀನು ಸಾರು ಮಾಡ್ತಾರೆ, ಜಗಳ ಆಡ್ತಾರೆ, ಬಾಡಿಗೆ ಕಟ್ಟೋದು ಮರೀತಾರೆ. ಅಷ್ಟೇ ಕಥೆ. ಅದಕ್ಕೆ ಬಂದ ಮಾತು: “ಇಷ್ಟು ಸುಖವಾಗಿದ್ರೆ ಅವರು ಮನು ಪ್ರಿಯಾ ಹೆಂಗ್ ಆಗ್ತಾರ? ಸಿನಿಮಾ ಅರ್ಥ ಆಗಿಲ್ಲ ನಿನಗ.” ಹಿಂದೆಯೇ ಇನ್ನೂ ಹತ್ತು ಜನ. ಹುಡುಗ ಒಂದು ತಿಂಗಳು ಯಾರೂ ಏನೂ ಬರೆಯದ ಹಾಗೆ ಬಾಗಿಲು ಹಾಕಿಕೊಂಡ. “ಅರ್ಥ ಆಗಿದ್ದಕ್ಕ ಮನಿ ಕಟ್ಟಿಕೊಟ್ಟೇನ್ರಿ” ಅಂತ ನನಗೆ ಹೇಳಿದ. ನನಗೆ ಆ ಮಾತು ಸರಿ ಅನ್ನಿಸಿತು. ಟಿಕೆಟ್ಟು ಕೊಂಡು ನೋಡಿದ ಚಿತ್ರಕ್ಕೆ ಶಿಳ್ಳೆಯನ್ನೂ ಹಾಕಬಹುದು, ಬೈಯಲೂಬಹುದು, ದುಡ್ಡು ಕೊಟ್ಟಿದ್ದೀರಿ. ಯಾರದೋ ಜಗಲಿಯಲ್ಲಿ ನೀರು ಮಜ್ಜಿಗೆ ಕುಡಿದು ಇದಕ್ಕೆ ಒಗ್ಗರಣೆ ಹಾಕೋದು ಗೊತ್ತಿಲ್ಲವಾ ಅನ್ನೋರಿಗೆ ಏನು ಹೇಳೋದು? ಟೀಕೆಯೇ ಬೇಡ ಅನ್ನುವ ಪೈಕಿ ನಾನಲ್ಲ. ಓದಿ ಟೀಕಿಸಿ, ಆ ನರ್ಸಮ್ಮನ ಓದುಗರ ಹಾಗೆ.

ಬೈಗುಳಕ್ಕಿಂತ ಮೌನ ಕೆಟ್ಟದ್ದು. ಬಳ್ಳಾರಿ ಕಡೆಯ ಒಬ್ಬ ಕಾಲೇಜು ಹುಡುಗಿ ಏಳು ಭಾಗ ಬರೆದಳು. ನಾನೂರು ಐನೂರು ಜನ ತೆರೆದು ನೋಡಿದ ಲೆಕ್ಕ ಕಾಣುತ್ತಿತ್ತು, ಒಂದು ಮಾತಿಲ್ಲ. ಬಾಗಿಲ ಮುಂದೆ ಚಪ್ಪಲಿ ರಾಶಿ ಬಿದ್ದಿದೆ, ಒಳಗೆ ಯಾರೂ ಕಾಣಲ್ಲ, ಹಾಗೆ. ಎಂಟನೇ ಭಾಗದ ಬದಲು ಇಡೀ ಕಥೆಯನ್ನೇ ಅಳಿಸಿ ಹಾಕಿದಳು. ಮಾರನೇ ದಿನ ಒಂಬತ್ತು ಜನ ಕೇಳಿದರಂತೆ, ಅಯ್ಯೋ ಎಲ್ಲಿ ಹೋಯ್ತು, ದಿನಾ ಕಾಯ್ತಿದ್ವಿ! “ಬದುಕಿದ್ದಾಗ ಮಾತಾಡಿಸ್ಲಿಲ್ಲ, ಹಾರ ಹಾಕೋಕೆ ಬಂದ್ರು ಅಕ್ಕ” ಅಂದಳು. ಅವಳು ಆಮೇಲೆ ಬರೆಯಲಿಲ್ಲ.

ಇನ್ನು ನನ್ನ ಓದುಗರು. ‘ಸೂಪರ್’ ಅನ್ನೋರು ಬಹಳ. ಅದರಿಂದ ಹೊಟ್ಟೆ ತುಂಬಲ್ಲ, ಆದರೂ ಎಲೆಗೆ ಮೊದಲು ಬೀಳೋದು ಉಪ್ಪೇ ತಾನೇ, ಬರಲಿ. ಸಾಹಸಸಿಂಹನ ಅಭಿಮಾನಿಯೊಬ್ಬರು ಮೂರನೇ ಭಾಗದಿಂದಲೂ ನನ್ನ ಬೆನ್ನು ಹತ್ತಿದ್ದಾರೆ: “ರಾಮಾಚಾರಿ ಬಗ್ಗೆ ಒಂದು ಮಾತು ತಪ್ಪು ಬಂದ್ರೆ ಹುಷಾರ್.” ಹಾಗಂತ ಒಂದು ಭಾಗವನ್ನೂ ಬಿಡದೆ ಓದುತ್ತಾರೆ! ಹುಷಾರ್ ಅನ್ನುತ್ತಲೇ ಹದಿನೇಳನೇ ಭಾಗಕ್ಕೆ “ಪಾಪ ಅಲಮೇಲು ಚಳೀಲಿ ನಿಂತವ್ಳೆ, ಒಂದು ಶಾಲು ಕೊಡಿ” ಅಂತ ಬರೆದರು. ಅಣ್ಣಾವ್ರು ಅಭಿಮಾನಿಗಳನ್ನು ದೇವರು ಅಂದರು. ನಾನೂ ಒಬ್ಬ ಅಭಿಮಾನಿ, ನನಗೂ ಅಭಿಮಾನಿಗಳು. ದೇವರಿಗೇ ದೇವರಿದ್ದರೆ ಕೈ ಮುಗಿಯೋದು ಯಾರು, ವರ ಕೊಡೋದು ಯಾರು?

ಎಲ್ಲಕ್ಕಿಂತ ಹೆಚ್ಚು ಬರೋದು ಒಂದೇ ವಾಕ್ಯ, ಈ ಲೇಖನದ ತಲೆಯ ಮೇಲಿದೆಯಲ್ಲ, ಅದು. ‘ಮುಂದಿನ ಭಾಗ ಯಾವಾಗ ಮೇಡಂ?’ ಮೊದಮೊದಲು ಅದನ್ನು ಓದಿದರೆ ರೆಕ್ಕೆ ಬರುತ್ತಿತ್ತು. ಈಗ ಅದೇ ವಾಕ್ಯ ಕೆಲವು ದಿನ ಹಾಲಿನವನು ಬಾಕಿ ಕೇಳಿದ ಹಾಗೆ ಕೇಳಿಸುತ್ತೆ. ಜ್ವರ ಬಂದು ಮಲಗಿದ್ದಾಗ ಇಪ್ಪತ್ತಮೂರು ಜನ ಕೇಳಿದ್ದರು. ಒಬ್ಬರಾದರೂ ಹೇಗಿದ್ದೀರಿ ಅನ್ನಲಿಲ್ಲ. ಅವರಿಗೆ ಬೇಕಾದದ್ದು ಅಲಮೇಲು, ನಾನಲ್ಲ. ಅದೂ ಒಂದು ಲೆಕ್ಕಕ್ಕೆ ಮೆಚ್ಚುಗೆಯೇ ಅನ್ನಿ.

ಹತ್ತನೇ ಭಾಗದ ಸುಮಾರಿಗೆ ಇದಕ್ಕೊಂದು ಬೇಡಿಕೆ ಸೇರಿಕೊಂಡಿತು. ‘ಸೇರಿಸಿಬಿಡಿ ಮೇಡಂ.’ ರಾಮಾಚಾರಿ ಬಸ್ ಸ್ಟ್ಯಾಂಡಿಗೆ ಓಡಿ ಬರಬೇಕು, ಅಲಮೇಲು ಕೈ ಹಿಡೀಬೇಕು, ಮೇಷ್ಟ್ರು ಬಂದು ತಪ್ಪಾಯ್ತು ಅನ್ನಬೇಕು, ತಾಳಿ, ಗಟ್ಟಿಮೇಳ. ದಿನಕ್ಕೆ ಹತ್ತು ಹದಿನೈದು ಜನ. ಸೇರಿಸಿದರೆ ಓದುಗರ ಸಂಖ್ಯೆ ಮೂರರಷ್ಟಾಗುತ್ತೆ, ಗೊತ್ತಿತ್ತು ನನಗೆ. ಬರೆದೂ ನೋಡಿದೆ, ಓಡಿ ಬರುವ ದೃಶ್ಯ. ಚೆನ್ನಾಗೇ ಬಂತು. ಆದರೆ ಆ ದೃಶ್ಯದಲ್ಲೂ ರಾಮಾಚಾರಿ ಮತ್ತು ಮೇಷ್ಟ್ರೇ ಮಾತಾಡುತ್ತಿದ್ದರು, ಅಲಮೇಲು ತಲೆ ತಗ್ಗಿಸಿ ನಿಂತಿದ್ದಳು. ಅದನ್ನು ಮೊಬೈಲಿನಲ್ಲೇ ಒಂದು ಮೂಲೆಗೆ ಇಟ್ಟೆ.

ಆ ವಾರದಲ್ಲೇ ಹೊಸದೊಂದು ಹೆಸರಿನಿಂದ ಪ್ರತಿಕ್ರಿಯೆ ಬಂತು. ಹೂವಿನ ಚಿತ್ರ ಹಾಕಿಕೊಂಡ ಖಾತೆ. ಅಲ್ಲಿಯವರೆಗೆ ಒಂದು ಮಾತೂ ಬರೆದವರಲ್ಲ. ರಾತ್ರಿ ಒಂದೂವರೆಗೆ ಬರೆದಿದ್ದರು.

“ನಮ್ಮ ಕಡೇನೂ ಒಬ್ಬರು ಮೇಷ್ಟ್ರು ಇದ್ದರು ಮೇಡಂ. ಅವರ ಮಾತು ಕೇಳಿದ್ದು ಅವನು. ಅನುಭವಿಸಿದ್ದು ನಾನು. ನೀವು ಬರೆದದ್ದು ಹನ್ನೊಂದೂ ಭಾಗ ಓದಿದೆ.”

ಅಷ್ಟೇ. ಸೂಪರ್ ಇಲ್ಲ, ಮುಂದಿನ ಭಾಗ ಯಾವಾಗ ಇಲ್ಲ.

ನಾಲ್ಕು ದಿನ ನಾನು ಉತ್ತರ ಬರೆಯಲಿಲ್ಲ. ಸಾಮಾನ್ಯವಾಗಿ ‘ಧನ್ಯವಾದ, ಹೀಗೇ ಓದುತ್ತಿರಿ’ ಅಂತ ಎಲ್ಲರಿಗೂ ಹಾಕೋಳು ನಾನು. ಇದಕ್ಕೆ ಧನ್ಯವಾದ ಅನ್ನೋದು ಹೇಗೆ? ಸಿನಿಮಾ ಪಾತ್ರ ಇಟ್ಟುಕೊಂಡು ರಾತ್ರಿ ಹೊತ್ತು ಆಡೋ ಆಟ ಅಂದುಕೊಂಡಿದ್ದರ ಇನ್ನೊಂದು ತುದಿಯಲ್ಲಿ ಒಂದು ಜೀವ ಕೂತಿದೆ. ನಾನು ಅಲಮೇಲುನ ಎಡಕ್ಕೆ ತಿರುಗಿಸಿದರೆ ಆ ಹೆಂಗಸಿಗೆ ಏನಾಗುತ್ತೋ, ಬಲಕ್ಕೆ ತಿರುಗಿಸಿದರೆ ಏನಾಗುತ್ತೋ. ಐದನೇ ದಿನ ಹೀಗೆ ಬರೆದೆ: “ಓದಿದ್ದಕ್ಕೆ ಅಲ್ಲ, ಹೇಳಿದ್ದಕ್ಕೆ ನಾನು ನಿಮಗೆ ಋಣಿ. ಅಲಮೇಲು ಈಗ ಏನು ಮಾಡಬೇಕು, ನೀವು ಹೇಳಿ.”

ಎರಡು ದಿನ ಬಿಟ್ಟು ಉತ್ತರ ಬಂತು. ಈ ಸಲ ಮೇಡಂ ಇರಲಿಲ್ಲ.

“ನೋಡಮ್ಮ, ಎಲ್ಲರೂ ಅವಳು ಎಲ್ಲಿಗೆ ಹೋಗಬೇಕು ಅಂತಲೇ ಹೇಳ್ತಾರೆ. ರಾತ್ರಿಯೆಲ್ಲಾ ನಿಂತಿದ್ದಾಳೆ. ಮೊದಲು ಅವಳಿಗೆ ಒಂದು ಲೋಟ ಕಾಫಿ ಕೊಡಿಸು. ಆಮೇಲೆ ನೋಡೋಣ.”

ಆಕೆ ಯಾವ ಊರಿನವರು, ಈಗ ಯಾರ ಜೊತೆ ಇದ್ದಾರೆ, ನಾನು ಕೇಳಿಲ್ಲ. ಕೇಳಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಇಷ್ಟು ಬರೆಯುವುದಕ್ಕೂ ಅವರ ಒಪ್ಪಿಗೆ ಕೇಳಿದೆ. “ಬರಿ, ಅಲಮೇಲು ಹೆಸರೇ ಹಾಕು” ಅಂದರು.

ಆ ಕಾಫಿ ಬರೆಯೋದು ನಾನು ಎಣಿಸಿದಷ್ಟು ಸುಲಭ ಇರಲಿಲ್ಲ. ಹನ್ನೆರಡನೇ ಭಾಗದಿಂದ ಹತ್ತೊಂಬತ್ತರವರೆಗೆ ಅಲಮೇಲು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತೇ ಇದ್ದಳು. ಪಕ್ಕದಲ್ಲಿ ಬಂದು ಹೋಗುವವರ ಮಾತು, ಅವಳ ಹಳೇ ನೆನಪು, ಇವನ್ನೇ ಬರೆದೆ. ಕ್ಯಾಂಟೀನಿನವನು ಅವಳನ್ನು ಕಂಡು ಮುಖ ತಿರುಗಿಸಬಾರದು, ಹಲ್ಲೂ ಕಿಸಿಯಬಾರದು. ದುಡ್ಡು ಅವಳದೇ ಇರಬೇಕು, ಅದು ಎಲ್ಲಿಂದ ಬಂದ ದುಡ್ಡು ಅಂತ ಯಾರೂ ಕೇಳಬಾರದು. ‘ಬಿಸಿ ಇದೆ, ನಿಧಾನ’ ಅನ್ನೋದಕ್ಕೆ ಯಾರಾದರೂ ಒಬ್ಬರು ಬೇಕು. ಇಪ್ಪತ್ತನೇ ಭಾಗದಲ್ಲಿ ಕೊನೆಗೂ ಅವಳು ಕಾಫಿ ಕುಡಿದಳು. ಅವಳು ಕುಡಿದದ್ದು, ಲೋಟ ಕೆಳಗಿಟ್ಟದ್ದು, ಇನ್ನೊಂದು ಬೇಕು ಅಂದದ್ದು. ಇಡೀ ಭಾಗ ಅಷ್ಟೇ.

ಹಾಕಿ ಹತ್ತು ನಿಮಿಷಕ್ಕೆ ಮೊದಲ ಪ್ರತಿಕ್ರಿಯೆ ಬಂತು: “ಏನ್ ಮೇಡಂ, ಈ ಸಲ ಕಥೆ ಒಂದಿಂಚೂ ಮುಂದಕ್ಕೆ ಹೋಗ್ಲಿಲ್ಲ?” ಆಮೇಲೆ ಸಾಹಸಸಿಂಹನ ಅಭಿಮಾನಿ: “ಕಾಫಿ ಸರಿ. ರಾಮಾಚಾರಿ ಎಲ್ಲಿ?” ಓದಿದವರ ಲೆಕ್ಕ ಹಿಂದಿನ ಭಾಗಕ್ಕಿಂತ ಅರ್ಧಕ್ಕೆ ಇಳಿಯಿತು. ಹೂವಿನ ಚಿತ್ರದವರು ರಾತ್ರಿ ಒಂದೂವರೆ ಹೊತ್ತಿಗೆ ಬಂದರು. “ಎರಡನೇ ಲೋಟಕ್ಕೆ ಸಕ್ಕರೆ ಜಾಸ್ತಿ ಹಾಕಿಸು” ಅಂತ ಬರೆದು ಹೋದರು.

ಇಪ್ಪತ್ತೊಂದನೇ ಭಾಗ ಈಗ ಬರೀತಾ ಇದೀನಿ. ಬಸ್ಸು ಬಂದು ನಿಂತಿದೆ, ಕಂಡಕ್ಟರು ಇನ್ನೂ ಬೋರ್ಡು ತಿರುಗಿಸಿಲ್ಲ.